ಬರಿಗಾಲಲ್ಲಿ ನಿಂತ ವೈರ್‌ಮನ್

ಅರವತ್ತರ ದಶಕದಲ್ಲಿ ಸೂರತ್‌ನ ನಮ್ಮ ಉಡುಪಿ ಹೋಟೆಲಿಗೆ ಹೊಸ ಮೇನ್ ಬೋರ್ಡ್ ಹಾಕಲು ಬಂದ ವೈರ್‌ಮನ್ ಏನು ಕೇಳಿದರೂ "ಶಾಂತಿ ರಾಖೋ, ಶೇಠ್" ಎನ್ನುತ್ತಿದ್ದರು. ಸಮಾಧಾನದಿಂದಿರಿ ಎಂದು. ನನ್ನಲ್ಲಿ ಇಲ್ಲದ್ದು ಅದೊಂದೇ.

ಹಿಂದಿನ ದಿನ ರುಬ್ಬುವ ಮೆಷಿನ್ನು ನಮ್ಮ ಅಡುಗೆ ಭಟ್ಟರಿಗೆ ಶಾಕ್ ಹೊಡೆದಿತ್ತು. ವೈರ್‌ಮನ್ ಬಂದವರೇ ಹಳೆಯ ಮರದ ಬೋರ್ಡಿನ ಫ್ಯೂಸ್ ಎಳೆದು ನೋಡಿದರು. ಬೆಳಗಿನ ಗಿರಾಕಿಗಳ ಹೊತ್ತಿನಲ್ಲಿ ಫ್ಯೂಸ್ ಸುಟ್ಟು ಕರೆಂಟು ಹೋಗಬಾರದೆಂದು ಅದಕ್ಕೆ ದಪ್ಪ ತಾಮ್ರದ ತಂತಿ ಸುತ್ತಿದ್ದವನು ನಾನೇ. ಅವರು ಬೈಯಲಿಲ್ಲ. ತಂತಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು ಕೆಲಸಕ್ಕೆ ತಿರುಗಿದರು.

ಎರಡು ದಿನ ಹೋಟೆಲು ಮುಚ್ಚಿಸಿದರು. ಕಬ್ಬಿಣದ ಪೆಟ್ಟಿಗೆಯ ಮೇನ್ ಸ್ವಿಚ್ ಕೂರಿಸಿ, ಮೆಷಿನ್ನಿನ ವೈರು ಬದಲಿಸಿ, ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ, ಸೋರಿದ ಕರೆಂಟು ನೆಲಕ್ಕಿಳಿಯುವಂತೆ ಅರ್ಥಿಂಗ್ ಕೊಟ್ಟರು. ಎಲ್ಲವನ್ನೂ ಪರೀಕ್ಷಿಸಿಯೂ ಆಯಿತು. ಆದರೂ ಭಟ್ಟರು ಮೆಷಿನ್ನಿನ ಹತ್ತಿರ ಸುಳಿಯಲಿಲ್ಲ.

"ಮೊದಲು ಅವರೇ ಮುಟ್ಲಿ ಮಾರಾಯ್ರೆ, ಆಮೇಲೆ ನಾನು," ಎಂದರು ನನಗೆ.

ಕನ್ನಡ ಬಾರದಿದ್ದರೂ ವೈರ್‌ಮನ್‌ಗೆ ಅರ್ಥವಾಯಿತು. ಚಪ್ಪಲಿ ಬಿಟ್ಟು, ಒದ್ದೆ ನೆಲದ ಮೇಲೆ ನಿಂತು, ತಿರುಗುತ್ತಿದ್ದ ಮೆಷಿನ್ನಿನ ಮೈಮೇಲೆ ಅಂಗೈ ಊರಿದರು. ಭಟ್ಟರು ಬಂದು ಉದ್ದು ಸುರಿಯುವವರೆಗೂ ಕೈ ತೆಗೆಯಲಿಲ್ಲ.

ಗುಂಡಿಯ ಮಣ್ಣು ಒಣಗಿದರೆ ಅರ್ಥಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ವೈರ್‌ಮನ್ ಆ ದಾರಿಯಾಗಿ ಹೋಗುವಾಗಲೆಲ್ಲ ಒಳಗೆ ಬರುತ್ತಿದ್ದರು. ಕುಡಿಯಲು ನೀರು ಕೊಟ್ಟರೆ ಲೋಟ ಹಿಡಿದುಕೊಂಡು ನೇರ ಹಿತ್ತಲಿಗೆ ಹೋಗಿ, ಗುಂಡಿಯ ಮಣ್ಣನ್ನು ಬೆರಳಿಂದ ಮುಟ್ಟಿ ನೋಡಿ, ಅಲ್ಲಿಗೇ ಸುರಿಯುತ್ತಿದ್ದರು. ಲೋಟದಲ್ಲಿ ಏನಾದರೂ ಉಳಿದರೆ ತಾವು ಕುಡಿಯುತ್ತಿದ್ದರು.