ಗಂಡನ ಹೆಸರಿನ ಬೀಗ

ತ್ರಿವೇಣಿಯ ಜಾಲತಾಣ ಕೆಟ್ಟುಹೋಗಿದೆ ಎಂದು ಅವಳಿಗೆ ಮೊದಲು ತಿಳಿಸಿದವಳು ಗೆಳತಿ ವರದಾ. ಅದೂ ಫೋನಿನಲ್ಲಿ, ಬಿದ್ದು ಬಿದ್ದು ನಗುತ್ತ.

"ಏನ ತ್ರಿವೇಣಿ, ಒಡಪು ಓದೂಣು ಅಂತ ನಿನ್ನ ಸೈಟಿಗೆ ಹೋದ್ರ ರಮ್ಮಿ ಆಡ ಬಾ ಅಂತದಲ್ಲ! ಇಸ್ಪೀಟಿನ ಅಡ್ಡಾ ಯಾವಾಗ ಸುರು ಮಾಡಿದಿ?"

ತ್ರಿವೇಣಿ ಆಗ ಪುಣೆಯ ಕೊಂಢವಾ ಬಡಾವಣೆಯ ಟೈಲ್ಸ್ ಅಂಗಡಿಯಲ್ಲಿ ಬಿಲ್ಲಿನ ಕಂಪ್ಯೂಟರಿನ ಮುಂದೆ ಕೂತಿದ್ದಳು. ಗಿರಾಕಿಯನ್ನು ಹಾಗೇ ನಿಲ್ಲಿಸಿ ಮೊಬೈಲಿನಲ್ಲಿ ತನ್ನ ತಾಣ ತೆರೆದಳು. ಒಂದು ಕ್ಷಣ ಅವಳದೇ ಹಳದಿ ಪುಟ ಕಾಣಿಸಿತು. ಮರುಕ್ಷಣ ಅದು ಮಾಯವಾಗಿ, ಇಸ್ಪೀಟಿನ ಎಲೆಗಳ ನಡುವೆ ಅರೆಬಟ್ಟೆಯ ಹುಡುಗಿಯೊಬ್ಬಳು ಕೈಬೀಸಿ ಕರೆಯತೊಡಗಿದಳು. ತ್ರಿವೇಣಿ ಮೊಬೈಲನ್ನು ಮಗುಚಿ ಇಟ್ಟಳು.

ಅವಳಿಗೆ ಐವತ್ತನಾಲ್ಕು ವಯಸ್ಸು. ಗೋಕಾಕದ ಕಡೆಯವಳು. ಅಣ್ಣನ ಜೊತೆ ಪುಣೆಗೆ ಬಂದಳು, ಅಣ್ಣ ಸಂಸಾರ ಕಟ್ಟಿಕೊಂಡು ನಾಸಿಕಕ್ಕೆ ಹೋದ, ಇವಳು ಒಂದು ಕೋಣೆ ಮತ್ತು ಅಡಿಗೆಮನೆಯ ಫ್ಲ್ಯಾಟಿನಲ್ಲಿ ಒಬ್ಬಳೇ ಉಳಿದಳು. ಮದುವೆ ಆಗಲಿಲ್ಲ. ಮೊದಲು ಜಾತಕ ಕೂಡಲಿಲ್ಲ, ಕೂಡಿದಾಗ ಅಪ್ಪನಿಗೆ ಲಕ್ವ ಹೊಡೆಯಿತು, ಅಪ್ಪ ಹೋಗುವ ಹೊತ್ತಿಗೆ ಗಂಡು ನೋಡುವ ಉಮೇದು ಯಾರಿಗೂ ಇರಲಿಲ್ಲ. ಇದರಲ್ಲಿ ಕಥೆ ಕಟ್ಟುವಂಥದ್ದು ಏನೂ ಇಲ್ಲ, ಆದರೆ ಜನ ಬಿಡಬೇಕಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆಲ್ಲ ಅವಳು "ಆಗಲಿಲ್ಲರೀ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದಳು.

ಒಡಪಿನ ವಿಷಯ ಹೇಳದೆ ಅವಳ ಜಾಲತಾಣದ ವಿಷಯ ಹೇಳಲಾಗುವುದಿಲ್ಲ. ನಮ್ಮ ಕಡೆಯ ಹಳೆಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ಈಗಿನವರ ಮಾತು ಬೇರೆ, ಗಂಡನನ್ನು ನಾಯಿಮರಿ ಕರೆದ ಹಾಗೆ ಹೆಸರು ಹಿಡಿದು ಕೂಗುತ್ತಾರೆ, ಅವನೂ ಬಾಲ ಅಲ್ಲಾಡಿಸಿಕೊಂಡು ಬರುತ್ತಾನೆ. ಹಳಬರಿಗೆ ಮಾತ್ರ ಒಂದೇ ದಾರಿ. ಮದುವೆಯಲ್ಲೋ ಸೀಮಂತದಲ್ಲೋ ಸುತ್ತ ನಿಂತವರು ಹೆಸರು ಹೇಳು ಎಂದು ಕಾಡಿದಾಗ, ಪ್ರಾಸ ಕೂಡಿಸಿದ ಎರಡು ಸಾಲಿನೊಳಗೆ ಗಂಡನ ಹೆಸರನ್ನು ಸೇರಿಸಿ ಹೇಳಬೇಕು. ಅದೇ ಒಡಪು. ಪುಣೆಯ ಕನ್ನಡದ ಮನೆಗಳಲ್ಲಿ ಎಲ್ಲಿ ಇಂಥ ಕಾರ್ಯಕ್ರಮವಾದರೂ ತ್ರಿವೇಣಿ ಇರುತ್ತಿದ್ದಳು. ಅವಳಿಗೆ ಹೆಸರು ಹೇಳು ಎನ್ನುವವರು ಯಾರೂ ಇಲ್ಲ. ಸುಮ್ಮನೆ ಗೋಡೆಗೆ ಆತು ನಿಲ್ಲುವುದು ಮುಜುಗರ. ಹಾಗಾಗಿ ಮೊಬೈಲು ಹಿಡಿದು ಉಳಿದವರು ಹೇಳುವುದನ್ನು ರೆಕಾರ್ಡು ಮಾಡತೊಡಗಿದಳು. ಕೈಗೊಂದು ಕೆಲಸವಾಯಿತು, ನಿಂತದ್ದಕ್ಕೊಂದು ಕಾರಣವೂ ಆಯಿತು.

ಹೀಗೆ ಹುಟ್ಟಿತು 'ಹೆಸರ ಹೇಳವ್ವ' ಎಂಬ ತಾಣ. ಅದನ್ನು ನಡೆಸುವುದನ್ನು ಅವಳು ತಾನೇ ನೋಡಿ, ಕೆಡಿಸಿ, ಮತ್ತೆ ಕಟ್ಟಿ ಕಲಿತಳು. ಗುರುವಾರಕ್ಕೊಂದು ಹೊಸ ಒಡಪು ತಪ್ಪಬಾರದು, ತಪ್ಪಿದರೆ ಓದುವವರು ದಾರಿ ಮರೆಯುತ್ತಾರೆ. ಫೋಟೊ ಭಾರವಾದರೆ ಹಳ್ಳಿಯ ಮೊಬೈಲಿನಲ್ಲಿ ಪುಟ ತೆರೆಯುವುದಿಲ್ಲ, ಹಗುರ ಮಾಡಿ ಹಾಕಬೇಕು. ಹುಡುಕುವವರಿಗೆ ಸಿಗಲಿ ಎಂದು ಪ್ರತಿ ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ, ಹೇಳಿದವಳ ಹೆಸರು ಮತ್ತು ಅವಳ ಗಂಡನ ಹೆಸರು ಸೇರಿಸಿ ಬರೆಯಬೇಕು. ಓದಿದವರು ಬರೆದ ಒಂದೊಂದು ಮಾತಿಗೂ ಅವಳು ಉತ್ತರ ಬರೆಯುತ್ತಿದ್ದಳು. ಅವಳ ಮನೆಯ ಬಾಗಿಲು ಬಡಿಯುವವನು ಗ್ಯಾಸಿನವನೊಬ್ಬನೇ. ಜನ ಅಂತ ಬರುತ್ತಿದ್ದುದು ಈ ತಾಣಕ್ಕೆ.

ಒಡಪು ಹೇಳಿದ ಪ್ರತಿ ಹೆಂಗಸಿಗೂ ಅವಳು ಪಾಸ್‌ವರ್ಡ್ ಒತ್ತಿ ತಾಣದೊಳಗೆ ಹೋಗುವ ಕೀಲಿ ಕೊಟ್ಟಿದ್ದಳು. ಕೆಲವರಿಗೆ ಓದುವಷ್ಟು, ಕೆಲವರಿಗೆ ಬರೆಯುವಷ್ಟು, ಒಡೆಯರಿಗೆ ಪೂರ್ತಿ ಎಂದು ಕೀಲಿಗಳಲ್ಲಿ ದೊಡ್ಡದು ಚಿಕ್ಕದು ಇರುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ಕುಂಕುಮದ ತಟ್ಟೆ ತನ್ನ ಹತ್ತಿರ ಬಂದಾಗ ಹಿಡಿದವರ ಕೈ ಒಂದು ಕ್ಷಣ ತಡೆಯುವುದನ್ನು ಮೂವತ್ತು ವರ್ಷ ನೋಡಿದವಳು ಅವಳು. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಮಾಡಲು ಮನಸ್ಸು ಬರಲಿಲ್ಲ. ಎಲ್ಲರಿಗೂ ಪೂರ್ತಿ ಕೀಲಿ ಕೊಟ್ಟಳು.

ಪಾಸ್‌ವರ್ಡ್ ಏನಿಡಬೇಕು ಎಂಬ ಪ್ರಶ್ನೆ ಬಂದಾಗ ಉಪಾಯ ಹೇಳಿದವಳು ಇದೇ ವರದಾ. "ನಮ್ಮ ಬಾಯಿಂದ ಎಂದೂ ಹೊರಗ ಬೀಳದಿದ್ದ ಮಾತು ಯಾವುದದ? ಮನಿಯವರ ಹೆಸರು! ಅದನ್ನ ಇಡೂಣು." ಎಲ್ಲರಿಗೂ ಇದು ಭಾಳ ಚೆಂದ ಕಂಡಿತು. ನಕ್ಕು, ನಾಚಿ, ತಮ್ಮ ತಮ್ಮ ಗಂಡನ ಹೆಸರಿಟ್ಟುಕೊಂಡರು.

ತ್ರಿವೇಣಿಯ ಫ್ಲ್ಯಾಟಿನ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಸ್ಪಂದನಾ ಮಂಡ್ಯದ ಹುಡುಗಿ, ಹಿಂಜವಾಡಿಯ ಕಂಪನಿಯೊಂದರಲ್ಲಿ ಜಾಲತಾಣಗಳಿಗೆ ನುಗ್ಗುವ ಕಳ್ಳರನ್ನು ತಡೆಯುವುದೇ ಅವಳ ಕೆಲಸ. ರವಿವಾರ ಬೆಳಿಗ್ಗೆ ಅವಳು ಲ್ಯಾಪ್‌ಟಾಪ್ ಹಿಡಿದು ಕೆಳಗೆ ಬಂದು ಕೂತಳು.

"ಆಂಟಿ, ಅಡ್ಮಿನ್ ಆಕ್ಸೆಸ್ ಯಾರ್ಯಾರಿಗೆ ಕೊಟ್ಟಿದೀರಾ?"

"ಎಲ್ಲಾರಿಗೂ."

"ಎಲ್ಲಾರಿಗೂ ಅಂದ್ರೆ?"

"ಒಡಪು ಹೇಳಿದವರಿಗೆಲ್ಲಾ."

ಸ್ಪಂದನಾ ಹಣೆ ಒತ್ತಿಕೊಂಡಳು. "ಓಕೆ. ಪಾಸ್‌ವರ್ಡ್ಸ್ ಸ್ಟ್ರಾಂಗ್ ಇದ್ವಾ?"

ತ್ರಿವೇಣಿ ಸ್ವಲ್ಪ ಹೆಮ್ಮೆಯಿಂದಲೇ ವರದಾಳ ಉಪಾಯ ವಿವರಿಸಿದಳು. ಹುಡುಗಿ ಕೇಳುತ್ತ ಕೇಳುತ್ತ ತಾಣದ ಒಂದು ಪುಟದ ವಿಳಾಸದ ಮೇಲೆ ಬೆರಳಿಟ್ಟಳು. ಅಲ್ಲಿ ಇಂಗ್ಲಿಷಿನಲ್ಲಿ ವರದಾ, ಅದರ ಪಕ್ಕ ಋಷಿಕೇಶ ಎಂದಿತ್ತು. ಕೆಳಗಿನ ಪುಟದಲ್ಲಿ ಇನ್ನೊಬ್ಬಳು, ಇನ್ನೊಬ್ಬಳ ಗಂಡ.

"ಆಂಟಿ, ಬಾಗ್ಲಿಗೆ ಬೀಗ ಹಾಕಿ ಕೀನ ಅಲ್ಲೇ ಮೊಳೆಗೆ ತೂಗುಹಾಕಿದೀರ. ಈ ಬಾಟ್‌ಗಳು, ಅಂದ್ರೆ ಕಳ್ಳರು ಬಿಟ್ಟಿರೋ ಪ್ರೋಗ್ರಾಂಗಳು, ಮೊದಲು ಸೈಟಲ್ಲಿರೋ ಹೆಸರುಗಳನ್ನೇ ಟ್ರೈ ಮಾಡೋದು."

ತ್ರಿವೇಣಿಗೆ ಮೊದಲು ನಗು ಬಂತು, ಆಮೇಲೆ ಮುಖ ಬಿಸಿಯಾಯಿತು. ಬಾಯಿಂದ ಹೊರಬೀಳದ ಹೆಸರನ್ನು ಲೋಕಕ್ಕೆಲ್ಲ ಕೇಳಿಸುವುದಕ್ಕೆಂದೇ ತಾಣ ಕಟ್ಟಿ, ಅದೇ ಹೆಸರನ್ನು ಗುಟ್ಟೆಂದು ನಂಬಿದ್ದರು. ಅಷ್ಟು ಜನ ಜಾಣೆಯರಲ್ಲಿ ಒಬ್ಬಳಿಗೂ ಇದು ಹೊಳೆಯಲಿಲ್ಲ.

ತಾಣವನ್ನು ಶುದ್ಧಮಾಡಲು ಸ್ಪಂದನಾಳ ಎರಡು ಮೂರು ರವಿವಾರಗಳು ಹೋದವು. ತಾಣದ ಒಂದು ನಕಲನ್ನು ತ್ರಿವೇಣಿ ತೆಗೆದಿಟ್ಟಿದ್ದಳು ನಿಜ, ಆದರೆ ಅದೂ ಅದೇ ತಾಣದೊಳಗೆ ಇದ್ದುದರಿಂದ ಮೂಲದ ಜೊತೆ ಅದೂ ಹಾಳಾಗಿತ್ತು. ಮನೆಗೆ ಬೆಂಕಿ ಬಿದ್ದರೆ ಕಪಾಟಿನಲ್ಲಿಟ್ಟದ್ದು ಉಳಿಯುತ್ತದೆಯೇ? ಪುಣ್ಯಕ್ಕೆ ಧ್ವನಿಗಳ ಮೂಲ ರೆಕಾರ್ಡುಗಳು ಹಳೆಯ ಮೊಬೈಲಿನಲ್ಲಿದ್ದವು. ಒಂದೊಂದನ್ನೇ ಮತ್ತೆ ಏರಿಸಿದರು. ಇನ್ನು ಮುಂದೆ ವಾರವಾರ ನಕಲು ತೆಗೆದು ಬೇರೆ ಕಡೆ ಇಡಬೇಕು, ತಂತ್ರಾಂಶದ ಹೊಸ ಆವೃತ್ತಿ ಬಂದ ಕೂಡಲೇ ಹಾಕಿಕೊಳ್ಳಬೇಕು, ಒಳಗೆ ಹೋಗುವಾಗ ಪಾಸ್‌ವರ್ಡಿನ ಜೊತೆಗೆ ಫೋನಿಗೆ ಬರುವ ಅಂಕಿಯನ್ನೂ ಒತ್ತಬೇಕು ಎಂದು ಹುಡುಗಿ ಹೇಳಿಕೊಟ್ಟಳು. ತ್ರಿವೇಣಿ ಎಲ್ಲಕ್ಕೂ ಹೂಂ ಎಂದಳು. ಕಡೆಯ ಮಾತಿಗೆ ಮಾತ್ರ ಹೂಂ ಎನ್ನದೆ ಚಹಾ ಇಡಲು ಎದ್ದಳು.

"ಇಷ್ಟು ಜನರ ಆಕ್ಸೆಸ್ ತೆಗೀಲೇಬೇಕು ಆಂಟಿ. ನೀವೊಬ್ರೇ ಅಡ್ಮಿನ್. ಇಲ್ಲಾಂದ್ರೆ ಮುಂದಿನ ತಿಂಗಳು ಮತ್ತೆ ರಮ್ಮಿ."

ಎಲ್ಲ ಕೀಲಿಗಳನ್ನೂ ಆ ದಿನವೇ ರದ್ದುಮಾಡಿದರು. ತಾಣ ಉಳಿಯಿತು. ಈಗ ಅದನ್ನು ಆ ಹೆಂಗಸರಿಗೆ ಹೇಳುವ ಕೆಲಸ ತ್ರಿವೇಣಿಯದು. ಇವರು ಸಿಟ್ಟಾಗಿ ಬಿಟ್ಟುಹೋದರೆ ತನಗೆ ಪುಣೆಯಲ್ಲಿ ಬೇರೆ ಯಾರೂ ಇಲ್ಲ ಎಂಬುದು ಅವಳಿಗೆ ಸ್ಪಷ್ಟವಾಗಿತ್ತು. ಕೊಟ್ಟದ್ದನ್ನು ಕಸಿದುಕೊಂಡವಳು ಎಂದು ಅನ್ನಿಸಿಕೊಳ್ಳಬೇಕಲ್ಲ ಎಂದು ಅವಳಿಗೆ ಊಟ ಸೇರಲಿಲ್ಲ. ಏನು ಹೇಳಬೇಕು, ಹೇಗೆ ಕ್ಷಮೆ ಕೇಳಬೇಕು ಎಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಳು. ಮೊದಲು ವರದಾಗೆ ಫೋನು ಮಾಡಿದಳು.

"ಕೀಲಿ? ಯಾವ ಕೀಲಿನವಾ?" ಎಂದಳು ವರದಾ.

"ಸೈಟಿಂದು. ನಿನ್ನ ಪಾಸ್‌ವರ್ಡ್."

"ಅಯ್ಯ, ಅದಾ! ಒಂದ ದಿನಾನೂ ಒಳಗ ಹೋಗಿಲ್ಲ ನಾ. ತಗದ ಬಿಡು, ಚಲೋ ಆತು. ಕುಕ್ಕರ ಕೂಗಾಕತ್ತದ, ಆಮ್ಯಾಲ ಮಾತಾಡ್ತೀನಿ."

ಉಳಿದವರೂ ಹಾಗೆಯೇ. ಒಬ್ಬಳಿಗೆ ತನಗೆ ಕೀಲಿ ಇದ್ದದ್ದೇ ನೆನಪಿರಲಿಲ್ಲ. ಇನ್ನೊಬ್ಬಳು "ಎಲ್ಲಾ ನೀನೇ ಮಾಡ್ತಿ, ನೀನೇ ಇಟ್ಟುಕೋ" ಎಂದು ಹೊಗಳಿ ಫೋನು ಇಟ್ಟಳು. ಯಾರಿಗೂ ಬೇಜಾರಾಗಲಿಲ್ಲ. ಒಬ್ಬರಿಗೂ ಆಗಲಿಲ್ಲ. ಅವಳು ಹೆದರಿದ್ದುದು ನಡೆಯಲಿಲ್ಲ, ಆದರೆ ನಡೆದಿದ್ದರೆ ಚೆನ್ನಾಗಿತ್ತು. ಎಲ್ಲರಿಗೂ ಬಾಗಿಲು ತೆರೆದಿಟ್ಟು, ಎಲ್ಲರೂ ಬಂದು ಹೋಗುವ ಮನೆ ತನ್ನದು ಎಂದುಕೊಂಡಿದ್ದಳು. ಅಲ್ಲಿ ತಾನೊಬ್ಬಳೇ ಇಷ್ಟು ವರ್ಷ ದೀಪ ಹಚ್ಚಿಕೊಂಡು ಕೂತಿದ್ದಳು. ಆ ದಿನ ಅಂಗಡಿಯಲ್ಲಿ ಬಿಲ್ಲು ಎರಡು ಸಲ ತಪ್ಪಿ ಮಾಲೀಕನಿಂದ ಬೈಸಿಕೊಂಡಳು.

ಒಬ್ಬರಿಗೆ ಮಾತ್ರ ಅವಳು ಫೋನು ಮಾಡಿರಲಿಲ್ಲ. ಪುಣೆ ಜಿಲ್ಲೆಯ ದೌಂಡದ ರಂಗೂಬಾಯಿಗೆ. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಮಗ ಸೊಸೆಯ ಜೊತೆ ಇದ್ದ ಆಕೆಗೆ ಎಂಬತ್ತು ಸಮೀಪಿಸಿತ್ತು. ಯಾವುದೋ ಮುಂಜಿಯಲ್ಲಿ ಸಿಕ್ಕಾಗ ತ್ರಿವೇಣಿ ಒಂದು ಮೂಲೆಗೆ ಕರೆದು ಅವಳ ಒಡಪು ರೆಕಾರ್ಡು ಮಾಡಿಕೊಂಡಿದ್ದಳು:

ದೌಂಡ ಟೇಸನದಾಗ ಗಾಡಿ ನಿಲ್ತಾವ ಹತ್ತು,
ದಿಗಂಬರರಾಯರ ಕೈಹಿಡದೆ, ಅದ ನನ್ನ ಸಂಪತ್ತು.

ಎಲ್ಲರಿಗೂ ಕೊಟ್ಟಂತೆ ಆಕೆಗೂ ಕೀಲಿ ಕೊಟ್ಟಿದ್ದಳು. ಆದರೆ ಮುದುಕಿ ಅದನ್ನೇನು ಬಳಸಿಯಾಳು ಎಂದು ಈಗ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತಟ್ಟೆ ಹಿಡಿದವರ ಕೈ ತಡೆದದ್ದಕ್ಕೆ ನೊಂದವಳೇ ಈ ಕೆಲಸ ಮಾಡಿದಳು ನೋಡಿ.

ಮರುದಿನ ರಂಗೂಬಾಯಿಯೇ ಫೋನು ಮಾಡಿದಳು. ನಮಸ್ಕಾರ ಇಲ್ಲ, ಆರಾಮ ಇದ್ದೀಯೇನು ಇಲ್ಲ.

"ಯಾಕವಾ, ನನಗ ಬಾಗ್ಲಾ ಹಾಕೀ? ನಾ ಏನ ತಪ್ಪ ಮಾಡೀನಿ?"

ಮುದುಕಿ ಬೈಯುತ್ತಲೇ ಇದ್ದಳು. ಎರಡು ದಿನದಿಂದ ಒತ್ತಿ ಒತ್ತಿ ಬೆರಳು ನೊಂದಿವೆ, ತಪ್ಪು ತಪ್ಪು ಅನ್ನುತ್ತದೆ, ನನ್ನ ಗಂಡನ ಹೆಸರು ನನಗೆ ತಪ್ಪುತ್ತದೆಯೇ ಎಂದು. ಬೈಗುಳ ಕೇಳುತ್ತ ತ್ರಿವೇಣಿಯ ಕಣ್ಣು ತುಂಬಿ ಬಂತು. "ರವಿವಾರ ಬರ್ತೀನ್ರಿ, ಬಂದು ಎಲ್ಲಾ ಹೇಳ್ತೀನಿ" ಎಂದಳು.

ಸೊಲ್ಲಾಪುರದ ಗಾಡಿ ಹಿಡಿದು ದೌಂಡದಲ್ಲಿ ಇಳಿದಳು. ಸ್ನೇಹಲ್, ಆ ಮನೆಯ ಸೊಸೆ, ಮರಾಠಿಯವಳು. ಚಹಾ ತಂದಿಟ್ಟು, "ಆಯೀ ರೋಜ್ ಸಕಾಳೀ ಮೋಬಾಯಿಲ್ ಘೇವೂನ್ ಬಸ್ತಾತ್" ಎಂದು ನಕ್ಕಳು, ದಿನಾ ಬೆಳಿಗ್ಗೆ ಅತ್ತೆ ಮೊಬೈಲು ಹಿಡಿದು ಕೂರುತ್ತಾರಂತೆ. ಅವಳು ಒಳಗೆ ಹೋದ ಮೇಲೆ ರಂಗೂಬಾಯಿ ದನಿ ತಗ್ಗಿಸಿದಳು.

"ಒಳಗ ಹೋಗಿ ನಾ ಏನೂ ಮಾಡ್ತಿರಲಿಲ್ಲವಾ. ಅವರ ಹೆಸರ ಒತ್ತಿದ್ರ ಬಾಗ್ಲಾ ತಗೀತಿತ್ತು. ತಗದ ಕೂಡ್ಲೆ ಬಂದ್ ಮಾಡಿ ಇಡ್ತಿದ್ದೆ."

"ಮತ್ತ ಯಾಕ ಹೋಗ್ತಿದ್ರಿ?"

"ಗಂಡ ಸತ್ತಾಕಿಗೆ ಒಡಪು ಹೇಳು ಅಂತ ಯಾರ ಕೇಳ್ತಾರ? ಸ್ನೇಹಲ್ ಬಸುರಿದ್ದಾಗ ಆಕಿ ಕುಬಸದಾಗ ನನ್ನ ಒಳಗಿನ ಕೋಲಿಯೊಳಗ ಕೂಡ್ರಿಸಿದ್ರು. ಈ ಮನ್ಯಾಗ ಅವರ ಹೆಸರ ತಗಿಯೋರ ಇಲ್ಲ. ನೀ ಒಬ್ಬಾಕಿ ಕೇಳಿದಿ. ಆಮ್ಯಾಲ ನಿನ್ನ ಮಶೀನು ದಿನಾ ಕೇಳ್ತಿತ್ತು."

ತ್ರಿವೇಣಿ ಚಹಾದ ಕಪ್ಪನ್ನು ಕೆಳಗಿಟ್ಟಳು. ಆ ಹೆಸರನ್ನು ಮತ್ತೆ ಕೀಲಿ ಮಾಡುವಂತಿಲ್ಲ, ಅದು ಕಳ್ಳರ ಕೈಯಲ್ಲಿದೆ. ಅದನ್ನು ಈ ಹೆಂಗಸಿನಿಂದ ಕಸಿದುಕೊಳ್ಳುವುದೂ ಸಾಧ್ಯವಿಲ್ಲ. ಆಗ ಸ್ಪಂದನಾ ಹೇಳಿದ ಇನ್ನೊಂದು ಮಾತು ನೆನಪಾಯಿತು. ಪಾಸ್‌ವರ್ಡು ಒಂದೇ ಪದವಾಗಿದ್ದರೆ ಸುಲಭವಾಗಿ ಒಡೆಯುತ್ತದೆ, ಯಾರೂ ಕೇಳದ ಉದ್ದನೆಯ ವಾಕ್ಯವಾಗಿದ್ದರೆ ಒಡೆಯುವುದು ಕಷ್ಟ.

"ಬರೇ ಹೆಸರ ಬ್ಯಾಡ್ರಿ," ಎಂದಳು. "ಹೊಸಾ ಒಡಪು ಒಂದು ಕಟ್ರಿ. ಪೂರ್ತಿ ಒಡಪು, ಅದರಾಗ ರಾಯರ ಹೆಸರ ಇರಲಿ. ಎಲ್ಲೂ ಬರೀಬ್ಯಾಡ್ರಿ, ಯಾರಿಗೂ ಹೇಳಬ್ಯಾಡ್ರಿ. ನನಗೂ ಹೇಳಬ್ಯಾಡ್ರಿ. ದಿನಾ ಅದನ್ನ ಒತ್ರಿ."

ಇಡೀ ತಾಣವಲ್ಲದಿದ್ದರೂ ಆಕೆಯ ಪುಟವಷ್ಟೇ ತೆರೆಯುವ ಚಿಕ್ಕ ಕೀಲಿಯೊಂದನ್ನು ಮಾಡಿಕೊಟ್ಟಳು. ಚಿಕ್ಕದಾದರೆ ರಂಗೂಬಾಯಿಗೇನೂ ಅಡ್ಡಿಯಿರಲಿಲ್ಲ. ಮುದುಕಿ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ, ಬೆರಳು ಮಡಿಸಿ ಬಿಡಿಸುತ್ತ ಕೂತಳು. ನಡುವೆ ಒಮ್ಮೆ ತನ್ನಷ್ಟಕ್ಕೆ ನಕ್ಕಳು. ಆಮೇಲೆ ಮೊಬೈಲು ಎತ್ತಿಕೊಂಡು, "ಆ ಕಡಿ ತಿರಗು" ಎಂದಳು.

ತ್ರಿವೇಣಿ ಗೋಡೆಯ ಕಡೆ ತಿರುಗಿ ಕೂತಳು. ಇಷ್ಟು ವರ್ಷ ಊರ ಹೆಂಗಸರೆಲ್ಲರ ಒಡಪು ಕೇಳಿದವಳಿಗೆ ಈ ಒಂದು ಒಡಪು ಕೇಳಬೇಕೆಂಬ ಆಸೆ ತಡೆಯಲಾರದಷ್ಟಿತ್ತು. ಬೆನ್ನ ಹಿಂದೆ ಒಂದೇ ಬೆರಳು ನಿಧಾನವಾಗಿ ಟಕ್ ಟಕ್ ಎನ್ನುತ್ತಿತ್ತು.

"ಮತ್ತೊಮ್ಮೆ ಒತ್ತು ಅಂತದಲ್ಲ ಇದು?"

"ಹೌದ್ರಿ. ಎರಡ ಸಲಾ ಕೇಳ್ತದ."

"ನನ್ನ ಮದುವ್ಯಾಗೂ ಎರಡೆರಡ ಸಲಾ ಹೇಳಿಸಿದ್ರ ನೋಡು," ಎಂದು ರಂಗೂಬಾಯಿ ಖುಷಿಯಿಂದ ಮತ್ತೆ ಮೊದಲಿನಿಂದ ಒತ್ತತೊಡಗಿದಳು. ಮುಗಿಸಿ, ಉಸಿರು ಬಿಟ್ಟು, ಸುಮ್ಮನೆ ಮಾತಿಗೆ ಕೇಳಿದಳು: "ನಿನ್ನ ಕೀಲಿಗೆ ಯಾರ ಹೆಸರ ಇಟ್ಟೀವಾ ನೀ?"

ಯಾರ ಹೆಸರು ಎಂದು ತ್ರಿವೇಣಿಯನ್ನು ಈ ಜನ್ಮದಲ್ಲಿ ಕೇಳಿದವಳು ರಂಗೂಬಾಯಿ ಒಬ್ಬಳೇ.

"ನಂದು ಮಶೀನೇ ಮಾಡಿ ಕೊಟ್ಟದ್ದರಿ," ಎಂದಳು ತ್ರಿವೇಣಿ ಗೋಡೆಗೆ ಮುಖ ಮಾಡಿಕೊಂಡೇ. "ಬರೇ ಅಕ್ಷರ, ಅಂಕಿ. ಹೇಳಾಕ ಬರೂದಿಲ್ಲ."

"ಆತು, ಈಗ ತಿರಗು," ಎಂದಳು ಮುದುಕಿ.

ತ್ರಿವೇಣಿ ಕೂಡಲೇ ತಿರುಗಲಿಲ್ಲ.