ಸಾಲ್ಹಾ ಅತ್ತಿಗೆಯ ಕೊಂಬು

ನಮ್ಮ ಸಾಲ್ಹಾ ಅತ್ತಿಗೆ ಊರಿಗೆಲ್ಲ ಎತ್ತರದ ಹೆಂಗಸು. ಹೆಂಗಸು ಎಂದು ಯಾಕೆ ಹೇಳಲಿ, ಮಸೀದಿಯ ಗೋಪುರ ಬಿಟ್ಟರೆ ಆಮೇಲೆ ಅವಳೇ. ನಮ್ಮಣ್ಣ ಲಝರ್ ಅವಳ ಭುಜಕ್ಕೆ ಬರುತ್ತಾನೆ, ಅದೂ ಟೋಪಿ ಹಾಕಿಕೊಂಡರೆ. ಮದುವೆಯ ಫೋಟೋದಲ್ಲಿ ಇಬ್ಬರೂ ಒಂದೇ ಎತ್ತರ ಇದ್ದಾರಲ್ಲ ಎಂದು ಯಾರಾದರೂ ಕೇಳಿದರೆ ನಾನು ಸುಮ್ಮನಿರುತ್ತೇನೆ. ಅಣ್ಣ ನಿಂತಿದ್ದದ್ದು ಎಣ್ಣೆ ಡಬ್ಬದ ಮೇಲೆ. ಡಬ್ಬ ಕಾಣದಿರಲಿ ಎಂದು ಅದರ ಮುಂದೆ ನನ್ನನ್ನು ಕೂರಿಸಿದ್ದರು. ಆಗ ನನಗೆ ಒಂಬತ್ತು ವರ್ಷ, ಹೊಸ ಫ್ರಾಕಿಗಾಗಿ ಒಪ್ಪಿಕೊಂಡೆ.

ಅತ್ತಿಗೆಗೆ ಚಿಕ್ಕಂದಿನಿಂದ ಒಂದು ಕಾಯಿಲೆ. ಏನು ಹೇಳಿದರೂ ‘ಯಾಕೆ?’ ಎನ್ನುತ್ತಾಳೆ. ಡಾಕ್ಟರು ಉಪ್ಪು ಕಡಿಮೆ ಮಾಡು ಎಂದರೆ ಯಾಕೆ, ಬಸ್ಸಿನವನು ಹಿಂದೆ ಸರಿಯಮ್ಮ ಎಂದರೆ ಯಾಕೆ. ಹೆಣ್ಣು ನೋಡಲು ಹೋದ ದಿನ ನಮ್ಮಮ್ಮ, “ನಮ್ಮ ಹುಡುಗ ತುಂಬಾ ಒಳ್ಳೇವ್ನು” ಎಂದದ್ದಕ್ಕೂ ಅವಳು “ಯಾಕೆ?” ಎಂದು ಕೇಳಿದ್ದಳಂತೆ. ಅಮ್ಮನಿಗೆ ತಕ್ಷಣಕ್ಕೆ ಏನೂ ಹೊಳೆಯಲಿಲ್ಲ. ಸಾಯುವವರೆಗೂ ಹೊಳೆಯಲಿಲ್ಲ, ಪಾಪ.

ಇಂಥವಳು ಒಂದು ವಿಷಯಕ್ಕೆ ಮಾತ್ರ ಹದಿನಾಲ್ಕು ವರ್ಷ ಬಾಯಿ ಬಿಟ್ಟಿರಲಿಲ್ಲ. ಅದು ಕೂಲಿ. ಸ್ಫಾಕ್ಸ್ ಪಟ್ಟಣದ ಕಡೆಯ ನಮ್ಮೂರಿನಲ್ಲಿ ಆಲಿವ್ ಕೊಯ್ಲು ಶುರುವಾದರೆ ಮೇಸ್ತ್ರಿ ಫರ್ಜಾನಿ ಬೆಳಗಿನ ಜಾವ ಟ್ರಕ್ಕು ತಂದು ನಿಲ್ಲಿಸುತ್ತಾನೆ. ಗಂಡಸರು ಮುಂದೆ ಕೂರುತ್ತಾರೆ, ನಾವು ಹನ್ನೊಂದು ಜನ ಹೆಂಗಸರು ಹಿಂದೆ ನಿಲ್ಲುತ್ತೇವೆ. ತೋಟದಲ್ಲಿ ಗಂಡಸರು ಏಣಿ ಹತ್ತಿ, ಮೂರು ಬೆರಳಿಗೆ ಟಗರಿನ ಕೊಂಬಿನ ತುದಿ ತೊಟ್ಟು ಕೊಂಬೆ ಬಾಚಿ ಕಾಯಿ ಉದುರಿಸುತ್ತಾರೆ. ನಾವು ಕೆಳಗಿನ ಕೊಂಬೆ ಬಾಚಿ, ಬಿದ್ದದ್ದು ಆರಿಸಿ, ಎಲೆ ಜರಡಿ ಹಿಡಿದು, ಪೆಟ್ಟಿಗೆ ಹೊತ್ತು, ನಡುವೆ ಟೀ ಕುದಿಸಿ ಅವರ ಕೈಗೆ ಕೊಡುತ್ತೇವೆ. ಸಂಜೆ ಅವರಿಗೆ ನಲವತ್ತು ದೀನಾರ್, ನಮಗೆ ಇಪ್ಪತ್ತು. ತಕರಾರು ತೆಗೆದರೆ ಮಾರನೆಯ ದಿನ ಟ್ರಕ್ಕಿನಲ್ಲಿ ಜಾಗವಿಲ್ಲ. ಬೇರೆ ಟ್ರಕ್ಕೂ ಇಲ್ಲ.

ಸಾಲ್ಹಾ ಅತ್ತಿಗೆಯದು ಇನ್ನೂ ಅನ್ಯಾಯ. ಅಣ್ಣ ಏಣಿಯ ನಾಲ್ಕನೇ ಮೆಟ್ಟಿಲ ಮೇಲೆ ನಿಂತು ಬಾಚುವ ಕೊಂಬೆಯನ್ನೇ ಅವಳು ನೆಲದ ಮೇಲೆ ನಿಂತು ಬಾಚುತ್ತಾಳೆ. ಕೊಂಬೆ ಒಂದೇ, ಕಾಯಿ ಒಂದೇ, ಏಣಿಯ ಖರ್ಚೂ ಇಲ್ಲ. ಆದರೂ ಅವಳಿಗೆ ಇಪ್ಪತ್ತು!

ಹೋದ ನವೆಂಬರಿನಲ್ಲಿ ಒಂದು ದಿನ ಅಣ್ಣ ಏಣಿಯ ಮೇಲಿಂದ, ಕಾಫಿ ಅಂಗಡಿಯಲ್ಲಿ ತಾನು ಇಸ್ಪೀಟು ಗೆದ್ದ ಕಥೆ ಹೇಳುತ್ತಿದ್ದ. ಕಥೆ ಹೇಳುವಾಗ ಅವನಿಗೆ ಎರಡೂ ಕೈ ಬೇಕು. ಕೊನೆಯ ಎಲೆ ಎಸೆದದ್ದನ್ನು ತೋರಿಸಲು ಕೈ ಬೀಸಿದ, ಏಣಿ ಒಂದು ಕಡೆ, ಅವನು ಒಂದು ಕಡೆ. ನೆಟ್ಟಗೆ ಬಂದು ಅತ್ತಿಗೆಯ ಮೇಲೆ ಬಿದ್ದ. ಅವಳು ಹಿಡಿದುಕೊಂಡದ್ದಕ್ಕೆ ಬದುಕಿದ. ಅವಳ ಸೊಂಟ ಹಿಡಿದುಕೊಂಡಿತು, ತುಂಬಿದ ಪೆಟ್ಟಿಗೆ ಬೋರಲಾಯಿತು.

ಫರ್ಜಾನಿ ಓಡಿ ಬಂದ. ಅಣ್ಣನನ್ನು ಮರದ ಬುಡಕ್ಕೆ ಒರಗಿಸಿ, ಸಕ್ಕರೆ ಜಾಸ್ತಿ ಹಾಕಿಸಿ ಟೀ ಕುಡಿಸಿದ. “ಇವತ್ತು ಸುಧಾರಿಸ್ಕೊಳಪ್ಪ, ಕೂಲಿ ಹಿಡಿಯಲ್ಲ” ಎಂದ. ಆಮೇಲೆ ಅತ್ತಿಗೆಯ ಕಡೆ ತಿರುಗಿದ.

“ಚೆಲ್ಲಿರೋ ಕಾಯಿ ಆರ್ಸು ತಾಯಿ. ಬಿಸಿಲು ಏರ್ತಿದೆ.”

ಅತ್ತಿಗೆ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಧಾನವಾಗಿ ಪೂರ್ತಿ ಎದ್ದು ನಿಂತಳು. ಅವಳು ಪೂರ್ತಿ ಎದ್ದು ನಿಂತರೆ ಫರ್ಜಾನಿ ಕತ್ತೆತ್ತಿ ಮಾತಾಡಬೇಕು.

“ಫರ್ಜಾನಣ್ಣ, ಬಿದ್ದೋನಿಗೆ ನಲವತ್ತು. ಬೀಳಿಸ್ಕೊಂಡೋಳಿಗೆ ಇಪ್ಪತ್ತು. ಯಾಕೆ?”

ಹದಿನಾಲ್ಕು ವರ್ಷ ಅದುಮಿಟ್ಟಿದ್ದ ‘ಯಾಕೆ’ ಅದು. ಮರದ ಮೇಲಿದ್ದವರೆಲ್ಲ ಬಾಚುವುದು ನಿಲ್ಲಿಸಿದರು.

“ಅವ್ರು ಏಣಿ ಹತ್ತುತಾರೆ ಕಣಮ್ಮ.”

ಅತ್ತಿಗೆ ಬಿದ್ದ ಏಣಿ ಎತ್ತಿ ನಿಲ್ಲಿಸಿ, ಹಿಡಿದುಕೊಂಡ ಸೊಂಟದಲ್ಲೇ ಸರಸರ ಹತ್ತಿದಳು. ಅವಳ ಎತ್ತರಕ್ಕೆ ಏಣಿಯ ಎತ್ತರವೂ ಸೇರಿ, ಮರದ ನೆತ್ತಿಯ ಮೇಲೆ ಅವಳ ತಲೆ ಕಾಣಿಸಿತು. ಅಲ್ಲಿಂದಲೇ ಕೂಗಿದಳು, “ಹತ್ತಿದೆ! ಈಗ?”

“ಏಣಿ ಒಂದೇ ಅಲ್ಲ...” ಫರ್ಜಾನಿ ತಡವರಿಸಿದ. ಗಂಡಸರು ಕಿಸಕ್ಕನೆ ನಕ್ಕರು. ನಕ್ಕದ್ದೇ ಕೆಟ್ಟದ್ದಾಯಿತು. ಅವನಿಗೆ ಕೋಪ ನೆತ್ತಿಗೇರಿ, ತನ್ನ ಬೆರಳಿನ ಕೊಂಬು ತೋರಿಸಿ ಅಬ್ಬರಿಸಿದ. “ಇದು ನೋಡು, ಇದು! ಕೂಲಿ ಇದಕ್ಕೆ! ಗಂಡಾಗ್ಲಿ ಹೆಣ್ಣಾಗ್ಲಿ, ನಾಳೆ ಕೊಂಬು ತೊಟ್ಕೊಂಡು ಬಂದೋರಿಗೆಲ್ಲ ನಲವತ್ತು. ಕೊಡದೇ ಇದ್ರೆ ನನ್ನ ಹೆಂಡ್ತಿಗೆ ತಲಾಖ್! ಕೊಂಬಿಲ್ದೆ ಬಾಯಿ ಮಾಡೋರು ಮಾತ್ರ ನನ್ನ ಟ್ರಕ್ಕು ಹತ್ತಕೂಡದು.”

ನಮ್ಮ ಗಂಡಸರ ಈ ಆಣೆಯ ಚಟ ಹೇಳಿ ಸುಖವಿಲ್ಲ. ಕಾಫಿಯ ದುಡ್ಡು ನಾನೇ ಕೊಡ್ತೀನಿ, ಇಲ್ಲದಿದ್ದರೆ ಹೆಂಡತಿಗೆ ತಲಾಖ್. ಇನ್ನೊಂದು ತುತ್ತು ತಿನ್ನು, ಇಲ್ಲದಿದ್ದರೆ ಹೆಂಡತಿಗೆ ತಲಾಖ್. ಆಡಿದ್ದೆಲ್ಲ ನಡೆದಿದ್ದರೆ ಊರಿನಲ್ಲಿ ಒಂದು ಸಂಸಾರವೂ ಉಳಿಯುತ್ತಿರಲಿಲ್ಲ. ಫರ್ಜಾನಿ ಅಷ್ಟು ಧೈರ್ಯವಾಗಿ ಹೇಳಿದ್ದಕ್ಕೆ ಕಾರಣವಿತ್ತು. ಬೆರಳಿಗೆ ತೊಡುವ ಕೊಂಬು ಅಪ್ಪನಿಂದ ಮಗನಿಗೆ ಬರುವ ವಸ್ತು, ಹೆಂಗಸರ ಹತ್ತಿರ ಇರುವುದಿಲ್ಲ. ಅತ್ತಿಗೆಯ ಅಪ್ಪನ ಕೊಂಬು ಅವಳ ತಮ್ಮನ ಪಾಲಿಗೆ ಹೋಗಿತ್ತು. ಅವನು ಅದರಲ್ಲಿ ಬೆನ್ನು ಕೆರೆದುಕೊಳ್ಳುತ್ತಾನೆ.

ವಾಪಸು ಬರುವಾಗ ಟ್ರಕ್ಕಿನಲ್ಲಿ ನನಗೆ ಅಳು ಬಂದಿತ್ತು. ನಾಳೆ ಅತ್ತಿಗೆಗೆ ಟ್ರಕ್ಕಿಲ್ಲ ಎಂದರೆ ಚಳಿಗಾಲವೆಲ್ಲ ಅಣ್ಣನೊಬ್ಬನ ದುಡಿಮೆ. ಅಣ್ಣನ ದುಡಿಮೆ ಎಂದರೆ ಅರ್ಧ ಇಸ್ಪೀಟಿಗೆ.

ತನ್ನ ಮನೆ ಬಾಗಿಲಿಗೆ ಬಂದ ಅತ್ತಿಗೆ ಒಳಗೆ ಹೋಗದೆ ಅಲ್ಲೇ ನಿಂತು ಮೇಲೆ ನೋಡಿದಳು. ಬಾಗಿಲ ಮೇಲೆ, ಎಲ್ಲರ ಮನೆಯಲ್ಲಿ ಇರುವ ಹಾಗೆ, ಈ ಸಲದ ಬಕ್ರೀದಿನ ಟಗರಿನ ಜೋಡಿ ಕೊಂಬು, ದೃಷ್ಟಿ ತಾಗದಿರಲಿ ಎಂದು ಕಟ್ಟಿದ್ದು.

“ಅತ್ತಿಗೆ, ಏಣಿ ತರ್ಲಾ?” ಎಂದೆ. ಕೇಳಬಾರದಿತ್ತು. ಅವಳು ಆಗಲೇ ಕೈ ಚಾಚಿ ಕಿತ್ತುಕೊಂಡಾಗಿತ್ತು.

“ಅಯ್ಯೋ, ದೃಷ್ಟಿಗೆ ಕಟ್ಟಿರೋದು ಕಣೇ ಅದು!” ಎಂದು ಅಣ್ಣ ಬಾಯಿ ಬಡಿದುಕೊಂಡ.

“ನಮ್ಮನೆ ನೋಡಿ ಹೊಟ್ಟೆ ಉರ್ಕೊಳೋಕೆ ಏನಿದೆಯಯ್ಯಾ? ನೀನಾ?” ಎಂದಳು ಅತ್ತಿಗೆ.

ದೀಪ ಹಚ್ಚುವ ಹೊತ್ತಿಗೆ ಹತ್ತು ಬಾಗಿಲು ಬೋಳಾಗಿದ್ದವು. ಎಲ್ಲ ಹೆಂಗಸರೂ ಸೇರಿದ್ದ ಅತ್ತಿಗೆಯ ಅಂಗಳದಲ್ಲಿ ಗರಗಸ ಕಿರಗುಟ್ಟುತ್ತಿತ್ತು. ಮೂರು ಬೆರಳಿಗೆ ಆಗುವಷ್ಟು ಕೊಂಬು ಯಾರಿಗೂ ಇರಲಿಲ್ಲ. “ಎಷ್ಟು ಕೊಂಬು ಅಂತ ಅವ್ನು ಹೇಳಿಲ್ವಲ್ಲ” ಎಂದು ಅತ್ತಿಗೆ ಒಬ್ಬೊಬ್ಬರಿಗೆ ಎರಡೆರಡು ತೊಡಿಸಿದಳು. ಎಪ್ಪತ್ತು ದಾಟಿದ ಹ್ನಿಯಾ ಅಜ್ಜಿ ಮಾತ್ರ ತನ್ನ ಕೊಂಬು ಕೊಯ್ಯಲು ಬಿಡಲಿಲ್ಲ. “ನನ್ನ ಬೆರಳು ಊದ್ಕೊಂಡಿವೆ. ಬೆರಳಿಗೇ ತೊಡಬೇಕು ಅಂದಿದ್ನಾ?” ಎಂದು ಕೇಳಿ, ಇಡೀ ಜೋಡಿಯನ್ನು ತಲೆವಸ್ತ್ರದ ಮೇಲೆ ಹಗ್ಗದಿಂದ ಬಿಗಿದುಕೊಂಡಳು.

ಉಳಿದವಳು ನಾನೊಬ್ಬಳು. ನನ್ನ ಗಂಡನ ಮನೆಯಲ್ಲಿ ಈ ವರ್ಷ ಟಗರು ಕೊಳ್ಳುವ ಶಕ್ತಿ ಇರಲಿಲ್ಲ. ಎಲ್ಲರೂ ನನ್ನ ಬರಿಗೈ ನೋಡುತ್ತಿದ್ದಾಗ ಅಂಗಳದ ಬಾಗಿಲು ತಳ್ಳಿಕೊಂಡು ಜನ್ನತ್ ಬಂದಳು. ಫರ್ಜಾನಿಯ ಹೆಂಡತಿ! ಗರಗಸ ನಿಂತಿತು. ಅವಳು ಸೆರಗಿನಡಿಯಿಂದ ಒಂದು ಗಂಟು ತೆಗೆದು ನನ್ನ ಮಡಿಲಿಗೆ ಹಾಕಿದಳು. ಬಿಚ್ಚಿದರೆ ಊರಿನಲ್ಲೇ ದೊಡ್ಡ ಟಗರಿನ ಕೊಂಬು.

“ನನ್ನ ಪಣಕ್ಕಿಟ್ಟು ಆಣೆ ಹಾಕಿದ್ನಂತೆ?” ಎಂದು ಕೇಳಿದಳು.

“ಹೂಂ ಅಕ್ಕ” ಎಂದೆ.

“ತಗೋ ವಸೀಲಾ. ನಮ್ಮ ಬಾಗಿಲಿಂದು. ಮರ ನಮ್ಮಪ್ಪಂದು, ಟ್ರಕ್ಕು ನನ್ನ ತಮ್ಮಂದು. ಇವನದ್ದು ಅಂತ ಇರೋದು ಬಾಯೊಂದೇ. ಅದೆಷ್ಟು ನಡಿಯುತ್ತೋ ನೋಡೋಣ.”

ಬೆಳಿಗ್ಗೆ ಟ್ರಕ್ಕಿನ ದೀಪದ ಬೆಳಕಿಗೆ ನಾವು ಹನ್ನೊಂದು ಜನ ಸಾಲಾಗಿ ಕೈಯೆತ್ತಿ ನಿಂತೆವು. ಫರ್ಜಾನಿ ಮೊದಲು ಕಂಡದ್ದು ಹ್ನಿಯಾ ಅಜ್ಜಿಯನ್ನು. ಬಿಸ್ಮಿಲ್ಲಾ ಎಂದವನೇ ಮೂರು ಹೆಜ್ಜೆ ಹಿಂದೆ ಹಾರಿದ. ಗಂಡಸರಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅವನ ಕಣ್ಣು ನನ್ನ ಕೈ ಮೇಲೆ ಬಿತ್ತು. ಆ ಕೊಂಬಿನ ಮೇಲಿದ್ದ ಬಿಳಿ ಮಚ್ಚೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಬ್ಬದಲ್ಲಿ ಊರಿಗೆಲ್ಲ ತೋರಿಸಿಕೊಂಡು ಬಂದವನು ಅವನೇ ತಾನೇ?

ಟ್ರಕ್ಕು ಸ್ಟಾರ್ಟ್ ಆಗಲಿಲ್ಲ. “ನೋಡಿದ್ರಾ, ಊರಿಗೇ ದೃಷ್ಟಿ ಆಗಿದೆ!” ಎಂದ ನಮ್ಮಣ್ಣ. ಹನ್ನೊಂದು ಜನ ಸೇರಿ ತಳ್ಳಿದೆವು, ಆಯಿತು.

ಆ ದಿನ ತೋಟದಲ್ಲಿ ನಾವೆಲ್ಲ ಏಣಿ ಹತ್ತಿದೆವು. ನಿಜ ಹೇಳುತ್ತೇನೆ, ಬಾಗಿಲ ಕೊಂಬು ಬಾಚುವುದಕ್ಕೆ ನಯಾಪೈಸೆ ಉಪಯೋಗವಿಲ್ಲ. ನನ್ನದು ಎರಡು ಸಲ ಕಳಚಿ ಬಿತ್ತು, ಒಂದು ಸಲ ಟೀ ಕುದಿಯುವ ಪಾತ್ರೆಗೇ. ಹ್ನಿಯಾ ಅಜ್ಜಿಯ ಕೊಂಬು ಮರದ ಕೊಂಬೆಗೆ ಸಿಕ್ಕಿಕೊಂಡು, ಅವಳನ್ನು ಬಿಡಿಸಲು ಇಬ್ಬರು ಬೇಕಾಯಿತು. ಕೊನೆಗೆ ಕೊಂಬು ತೊಟ್ಟ ಬೆರಳು ಮಡಚಿಕೊಂಡು ಉಳಿದ ಬೆರಳಲ್ಲಿ ಬಾಚಿದೆವು. ಆದರೂ ಪೆಟ್ಟಿಗೆಗಳು ತುಂಬಿದವು, ಎಂದಿಗಿಂತ ಕೊಂಚ ಕಮ್ಮಿ ಅಷ್ಟೇ. ಏಣಿ ಖಾಲಿಯಿಲ್ಲದೆ ಗಂಡಸರು ಕೆಳಗೆ ಉಳಿದರು. ಬಗ್ಗಿ ಆರಿಸುವುದು, ಜರಡಿ ಹಿಡಿಯುವುದು, ಹೊರುವುದು, ಎಲ್ಲ ಅವರ ತಲೆಗೆ. ಮಧ್ಯಾಹ್ನ ರೊಟ್ಟಿ, ಹರಿಸ್ಸಾ ಚಟ್ನಿಯ ಬುತ್ತಿ ಬಿಚ್ಚುವ ಹೊತ್ತಿಗೆ ಅಣ್ಣ ನೆಟ್ಟಗೆ ನಿಲ್ಲಲಾರದೆ ನಾಲ್ಕು ಕಾಲಲ್ಲಿದ್ದ.

“ಫರ್ಜಾನಿ, ಈ ನೆಲದ ಕೆಲ್ಸಕ್ಕೆ ನಲವತ್ತು ಸಾಲದು ಕಣೋ, ಐವತ್ತಾದ್ರೂ ಬೇಕು” ಎಂದು ನರಳಿದ.

ಅತ್ತಿಗೆ ಏಣಿ ಮೇಲಿಂದ ಕೂಗಿದಳು, “ಹದಿನಾಲ್ಕು ವರ್ಷದಿಂದ ಎಲ್ಲಿತ್ತಯ್ಯಾ ಈ ಬುದ್ಧಿ?”

ಫರ್ಜಾನಿ ದಿನವೆಲ್ಲ ಕಣ್ಣಿಗೆ ಬೀಳಲಿಲ್ಲ. ಸಂಜೆ ಬಂದಾಗ ಮುಖ ಅರಳಿತ್ತು. ಇಮಾಮರಿಗೆ ಫೋನ್ ಮಾಡಿದ್ದನಂತೆ. “ಕೋಪದಲ್ಲಿ ಬಾಯಿಗೆ ಬಂದ ಮಾತಿಗೆಲ್ಲ ತಲಾಖ್ ಆಗಲ್ಲ, ಕೋರ್ಟಿಗೆ ಹೋಗ್ಬೇಕು ಅಂದ್ರು. ಆಣೆ ಲೆಕ್ಕಕ್ಕಿಲ್ಲ! ಬನ್ನಿ ಬನ್ನಿ, ಮಾಮೂಲಿ ಇಪ್ಪತ್ತು ತಗೊಳಿ” ಎಂದು ನೋಟು ಚಾಚಿದ. ಅತ್ತಿಗೆಯ ಮುಖ ಬಾಡಿಹೋಯಿತು. ಅವಳ ಮುಖ ಹಾಗಾದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅವಳು ಕೈ ನೀಡಲಿಲ್ಲ.

“ತಗೊಳಲ್ವಾ? ಹಾಗಾದ್ರೆ ನಾಳೆ ಟ್ರಕ್ಕಿಗೆ ಬರ್ಬೇಡ” ಎಂದ ಫರ್ಜಾನಿ.

ಆಗ ತೋಟದ ದಾರಿಯಲ್ಲಿ ಸೂಟ್‌ಕೇಸು ಹಿಡಿದುಕೊಂಡು ಜನ್ನತ್ ಬಂದಳು. ಹಬ್ಬದ ಬಟ್ಟೆ ಉಟ್ಟಿದ್ದಳು. ಯಾರನ್ನೂ ಮಾತಾಡಿಸದೆ ದೊಡ್ಡ ಮರದ ಕೆಳಗೆ ಸೂಟ್‌ಕೇಸು ಇಟ್ಟು ಅದರ ಮೇಲೆ ಕೂತಳು.

“ಎಲ್ಲಿಗೆ ಹೊರಟೆ?” ಎಂದ ಫರ್ಜಾನಿ.

“ನನ್ನ ತಮ್ಮನ ಮನೆಗೆ. ನನಗೆ ತಲಾಖ್ ಆಗಿದೆಯಲ್ಲ.”

“ಆಗಿಲ್ವೇ! ಇಮಾಮರೇ ಹೇಳಿದ್ರು!”

“ಇಮಾಮರಿಗೆ ಆಗಿಲ್ದೇ ಇರ್ಬೋದು. ನನಗೆ ಆಗಿದೆ. ಹದಿನೆಂಟು ವರ್ಷದಿಂದ ಒಂದು ಲೋಟ ಕಾಫಿಗೆ, ಒಂದು ತುಂಡು ಮಾಂಸಕ್ಕೆ ನನ್ನ ಬಿಡ್ತಾನೇ ಇದ್ದೀಯ. ಸಾಕಾಯ್ತು, ಈ ಸಲ ನಾನೇ ಬಿಟ್ಟೆ. ಮರ ನನ್ನ ಜೊತೆ, ಟ್ರಕ್ಕು ನನ್ನ ತಮ್ಮನ ಜೊತೆ. ನೀನು ಕೊಂಬು ಇಟ್ಕೊ.”

ಗಂಡಸರ ಮುಖ ನೋಡಬೇಕಿತ್ತು. ಮರ ಹೋದರೆ ಅವರ ನಲವತ್ತೂ ಹೋಯಿತಲ್ಲ. ಬೆಳಿಗ್ಗೆ ನಕ್ಕವರೇ ಈಗ “ಕೊಟ್ಬಿಡೋ ಮಾರಾಯ!”, “ಕೊಟ್ಟು ಹೆಂಡ್ತೀನ ಉಳಿಸ್ಕೊಳೋ!” ಎಂದು ಬೊಬ್ಬೆ ಹಾಕಿದರು. ಎಲ್ಲರಿಗಿಂತ ಜೋರು ನಮ್ಮಣ್ಣ, ನಾಲ್ಕು ಕಾಲಲ್ಲೇ. ಆ ಗಲಾಟೆಯಲ್ಲಿ ನಾನು ಸಂಜೆ ಬಿಸಿಲು ಹೊಡೆಯದಿರಲಿ ಎಂದು ಜನ್ನತಕ್ಕನನ್ನು ಎಬ್ಬಿಸಿ ಸೂಟ್‌ಕೇಸನ್ನು ಸ್ವಲ್ಪ ಸರಿಸಲು ಹಿಡಿ ಹಿಡಿದೆ. ಅದು ಖಾಲಿ. ಅವಳು ನನಗೆ ಕಣ್ಣು ಹೊಡೆದಳು. ನಾನು ಭಾರ ಎತ್ತಿದವಳ ಹಾಗೆ ಉಸ್ಸಪ್ಪಾ ಎಂದು ಅದನ್ನಿಟ್ಟೆ, ಅವಳು ಮತ್ತೆ ಕೂತಳು.

ಫರ್ಜಾನಿ ಕೊಟ್ಟ. ಹನ್ನೊಂದು ಜನಕ್ಕೂ ನಲವತ್ತು. ಹ್ನಿಯಾ ಅಜ್ಜಿ ತನ್ನದನ್ನು ಎರಡು ಕೊಂಬಿನ ನಡುವೆ ಸಿಕ್ಕಿಸಿಕೊಂಡಳು.

“ನಾಳೆ?” ಎಂದಳು ಅತ್ತಿಗೆ.

“ನಾಳೇನೂ ಅಷ್ಟೇ. ಕೊಡದೇ ಇದ್ರೆ ನನ್ನ ಹೆಂಡ್ತಿ...” ಎಂದವನು ತನ್ನ ಕೈಯಿಂದಲೇ ಬಾಯಿ ಮುಚ್ಚಿಕೊಂಡ. ಬೆರಳಿನ ಕೊಂಬು ಮೂಗಿಗೆ ಚುಚ್ಚಿತು.

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅತ್ತಿಗೆ ನಗಲಿಲ್ಲ. ಬೆರಳಿನಿಂದ ಕೊಂಬು ಕಳಚಿ ಅವನ ಮುಂದಿದ್ದ ಪೆಟ್ಟಿಗೆಯ ಮೇಲೆ ಇಟ್ಟಳು. ಬೆರಳು ಕೆಂಪಗೆ ತರಚಿಹೋಗಿದ್ದವು.

“ಇದು ತೊಟ್ಟು ಇವತ್ತು ನಾನು ಎಂದಿಗಿಂತ ಕಮ್ಮಿ ಬಾಚಿದೀನಿ, ಗೊತ್ತಾ ಫರ್ಜಾನಣ್ಣ? ಬರಿಗೈಲಿ ಇದಕ್ಕಿಂತ ಜಾಸ್ತಿ ಬಾಚ್ತಿದ್ದೆ. ಹದಿನಾಲ್ಕು ವರ್ಷ, ಇದೇ ಮರ, ಇದೇ ಕೊಂಬೆ. ನಾನು ಜಗಳಕ್ಕೆ ಕೇಳ್ತಿಲ್ಲ, ತಿಳ್ಕೊಳೋಕೆ ಕೇಳ್ತಿದೀನಿ. ಇಪ್ಪತ್ತು ಯಾಕೆ ಕೊಡ್ತಿದ್ದೆ?”

ಫರ್ಜಾನಿ ಏಣಿ ನೋಡಿದ, ಕೊಂಬು ನೋಡಿದ, ಮರದ ನೆತ್ತಿ ನೋಡಿದ. ಟ್ರಕ್ಕಿನವನು ಹಾರನ್ ಹೊಡೆದ. ಯಾರೂ ಕದಲಲಿಲ್ಲ.

ಜನ್ನತ್ ಸೂಟ್‌ಕೇಸಿನ ಮೇಲೆ ಇನ್ನಷ್ಟು ಸರಿಯಾಗಿ ಕೂತುಕೊಂಡಳು.

“ಹೇಳು” ಎಂದಳು. “ನಾನೂ ಕೇಳಿಸ್ಕೋತೀನಿ.”