ಹೆಜ್ಜೇನು ಯಾವ ಇಲಾಖೆಗೆ ಸೇರಿದ್ದು?

ನಾನು ಪಂಚಾಯ್ತಿ ಸದಸ್ಯೆಯಾಗಿದ್ದ ಐದು ವರ್ಷದಲ್ಲಿ ಸರ್ಕಾರದ ಎಲ್ಲ ಹಂತಗಳೂ ಒಂದಾದದ್ದನ್ನು ಒಂದೇ ಸಲ ನೋಡಿದ್ದೇನೆ.

ಗುಬ್ಬಿ ದಾಟಿ ಕುಣಿಗಲ್ ಕಡೆ ಹೋಗುವ ದಾರಿಯ ನಮ್ಮೂರಿಗೆ ಹೊಸ ನೀರಿನ ಟ್ಯಾಂಕ್ ಬಂದಿತ್ತು. ದುಡ್ಡು ದೆಹಲಿಯದು, ಕಟ್ಟಿಸಿದ್ದು ರಾಜ್ಯದ ಇಂಜಿನಿಯರುಗಳು, ತೊಳೆಯೋದು ಮಾತ್ರ ಪಂಚಾಯ್ತಿ. ಅಂದರೆ ನಮ್ಮ ನೀರುಗಂಟಿ. ಐವತ್ತು ದಾಟಿದ ಆತ ತಿಂಗಳಿಗೊಮ್ಮೆ ಬ್ಲೀಚಿಂಗ್ ಪೌಡರ್ ಹಿಡಿದು ಏಣಿ ಹತ್ತುತ್ತಿದ್ದ. ಒಂದು ಬೆಳಿಗ್ಗೆ ಏಣಿಯ ತುದಿಯಲ್ಲೇ ಗೂಡು ಕಟ್ಟಿದ್ದ ಹೆಜ್ಜೇನು ಅವನ ಮೇಲೆರಗಿತು. ಹೇಗೆ ಇಳಿದನೋ ಅವನಿಗೇ ಗೊತ್ತಿಲ್ಲ. ಆಸ್ಪತ್ರೆಗೆ ಹೋಗಿ ನೋಡಿದರೆ ಎರಡು ಕಣ್ಣೂ ಊದಿ ಮುಚ್ಚಿಹೋಗಿದ್ದವು. ನನ್ನ ದನಿ ಗುರುತು ಹಿಡಿದು, "ಅಕ್ಕಾ, ಅದು ಹೋಗೋಗಂಟ ನಾನು ಹತ್ತಾಕಿಲ್ಲ" ಅಂದ. ಹತ್ತು ಅನ್ನುವ ಮುಖ ನನಗೂ ಇರಲಿಲ್ಲ.

ಅಲ್ಲಿಂದ ನನ್ನ ತಿರುಗಾಟ ಶುರುವಾಯಿತು. ಇಂಜಿನಿಯರ್ ಸಾಹೇಬರು, ಟ್ಯಾಂಕ್ ನಮ್ಮದೇ, ಆದರೆ ಎಸ್ಟಿಮೇಟಿನಲ್ಲಿ ಜೇನು ಇರಲಿಲ್ಲ ಅಂದರು. ಮರದಲ್ಲಿ ಕಟ್ಟಿದ್ದರೆ ನೋಡಬಹುದಿತ್ತು, ಸಿಮೆಂಟಿನ ಮೇಲಿನ ಜೇನು ತಮ್ಮ ವ್ಯಾಪ್ತಿಗೆ ಬರೋದಿಲ್ಲ ಅಂತ ಅರಣ್ಯದವರು ಬಹಳ ಮರ್ಯಾದೆಯಿಂದ ಹೇಳಿ ಟೀ ಕೊಟ್ಟರು. ನಮ್ಮ ಪಂಚಾಯ್ತಿಯೇನು ಕಮ್ಮಿಯೇ? ತೊಳೆಯುವಾಗ ನಮ್ಮದಾಗಿದ್ದ ಟ್ಯಾಂಕು ಇನ್ನೂ ನಮಗೆ ಹಸ್ತಾಂತರವೇ ಆಗಿಲ್ಲ ಅಂತ ನಿರ್ಣಯ ಬರೆಯಿತು. ಅದರ ಕೆಳಗೆ ನನ್ನ ಸಹಿಯೂ ಇದೆ.

ತೊಳೆಯದ ಟ್ಯಾಂಕಿನಿಂದ ನೀರು ಬಿಡೋದು ನಿಂತಿತ್ತು. ಅಷ್ಟರಲ್ಲಿ ಹೆಂಗಸರು ಹಳೇ ಬೋರ್‌ವೆಲ್ ಮುಂದೆ ಕೊಡ ಹಿಡಿದು ಸಾಲು ನಿಂತಿದ್ದರು. ಪಕ್ಕದ ಮನೆಯಾಕೆ ನನ್ನ ಜೊತೆ ಮಾತು ಬಿಟ್ಟಳು. ತುಮಕೂರಿಗೆ ಹೋಗಿ ದೊಡ್ಡ ಸಾಹೇಬರೊಬ್ಬರ ಮುಂದೆ ನಿಂತೆ. ಅವರು ಅರ್ಜಿ ಓದಿ, ಇದು ಸಮನ್ವಯದ ಕೊರತೆ ಅಂದರು. ಜಂಟಿ ಪರಿಶೀಲನೆಗೆ ಆರ್ಡರ್ ಆಯಿತು.

ಹದಿನೈದು ದಿನ ಬಿಟ್ಟು ಮೂರು ಜೀಪು ಬಂದವು. ಸಾಹೇಬರುಗಳು ಟ್ಯಾಂಕಿನ ಕೆಳಗೆ ನಿಂತು ಜೇನು ಯಾರದ್ದೆಂದು ಚರ್ಚಿಸುತ್ತಿದ್ದಾಗ, ವರದಿಗೆ ಫೋಟೋ ಬೇಕೆಂದು ಒಬ್ಬರು ಡ್ರೋನ್ ಹಾರಿಸಿದರು. ಜೇನಿಗೆ ಆ ಸದ್ದು ಹಿಡಿಸಲಿಲ್ಲ. ಹಿಂಡು ಕೆಳಗಿಳಿದದ್ದೇ ತಡ, ಎಲ್ಲ ಇಲಾಖೆಯವರೂ ಹತ್ತಿರವಿದ್ದ ಒಂದೇ ಜೀಪಿಗೆ ನುಗ್ಗಿ, ಒಬ್ಬರ ತೊಡೆ ಮೇಲೊಬ್ಬರು ಕೂತು ಗಾಜು ಏರಿಸಿಕೊಂಡರು. ಅಂಥ ಸಮನ್ವಯ ನಾನು ಮತ್ತೆ ಕಾಣಲಿಲ್ಲ. ಸೆರಗು ಹೊದ್ದು ಪಕ್ಕದ ಶಾಲೆಯೊಳಗೆ ಓಡಿದ ನಾನು ಕಿಟಕಿಯಿಂದ ನೋಡಿದೆ. ನಿಜ ಹೇಳಬೇಕೆಂದರೆ, ನಕ್ಕೆ. ಅವರಿಗೆ ಒಂದೆರಡು ಕಡಿತ ಬಿಟ್ಟರೆ ಬೇರೇನೂ ಆಗಲಿಲ್ಲ.

ಮುಂದಿನ ಎರಡು ತಿಂಗಳು ಪತ್ರಗಳಷ್ಟೇ ಓಡಾಡಿದವು. ಆಮೇಲೆ ಹೆಜ್ಜೇನು ತಾನಾಗಿಯೇ ಎದ್ದುಹೋಯಿತು. ಕಾಲ ಮುಗಿದರೆ ಅದು ಜಾಗ ಬದಲಿಸೋದು ವಾಡಿಕೆ. ಅದಾದ ವಾರಕ್ಕೆ ನಮಗೊಂದು ಪತ್ರ ಬಂತು: ಎಲ್ಲ ಇಲಾಖೆಗಳ ಸಂಘಟಿತ ಪ್ರಯತ್ನದಿಂದ ಸಮಸ್ಯೆ ಬಗೆಹರಿದಿದೆ.

ನೀರುಗಂಟಿ ಅದನ್ನು ನನ್ನಿಂದ ಓದಿಸಿ ಕೇಳಿದ. "ಅಲ್ಲಕ್ಕಾ, ಈ ಕಾಗದಾನ ಜೇನಿಗೆ ಓದಿ ಹೇಳ್ದೋರು ಯಾರು?" ಅಂದ.

ಆಮೇಲೆ ಅವನೇ ಏಣಿ ಹತ್ತಿದ. ಪ್ರತಿ ಮೆಟ್ಟಿಲಿಗೂ ನಿಂತು ಮೇಲೆ ನೋಡುತ್ತಿದ್ದ. ನಾನು ಕೆಳಗಿನಿಂದ ಬಕೆಟ್ಟನ್ನು ಹಗ್ಗಕ್ಕೆ ಕಟ್ಟಿಕೊಟ್ಟೆ. ಸಂಜೆಗೆ ನಲ್ಲಿಯಲ್ಲಿ ನೀರು ಬಂತು. ಬ್ಲೀಚಿಂಗ್ ವಾಸನೆ ಜಾಸ್ತಿಯಾಯಿತು ಅಂತ ಊರವರು ನಮ್ಮಿಬ್ಬರಿಗೂ ಬೈದರು.